ದುರ್ಗದ ಭೈರವಿ

ಸಂಜೆಯ ಬಿಸಿಲು ಇಳಿದು ಬಂಡೆಗಳ ಕಾವು ಆರುವ ಹೊತ್ತಿಗೆ, ಚಿತ್ರದುರ್ಗದ ಕೋಟೆಯನ್ನು ನೋಡಲು ಬಂದವರು ಒಬ್ಬೊಬ್ಬರಾಗಿ ಕೆಳಗಿಳಿಯತೊಡಗುತ್ತಾರೆ. ಓಬವ್ವನ ಕಿಂಡಿಯನ್ನು ಬಗ್ಗಿ ನೋಡಿಯಾಗಿದೆ. ಮದ್ದು ಬೀಸುವ ಕಲ್ಲುಗಳನ್ನೂ ಎಣ್ಣೆಯ ಕೊಳವನ್ನೂ ಕಂಡಾಗಿದೆ. ಅಕ್ಕ ತಂಗಿಯರ ಹೊಂಡದ ದಡದಲ್ಲಿ ಬುತ್ತಿ ಬಿಚ್ಚಿ ಉಂಡದ್ದೂ ಆಗಿದೆ. ಮಕ್ಕಳ ಕೂಗಾಟವೆಲ್ಲ ಅಡಗಿದ ಮೇಲೆ ಬೆಟ್ಟದ ಮೇಲೆ ಗಾಳಿಯ ಸದ್ದೊಂದೇ ಉಳಿಯುತ್ತದೆ. ಏಳು ಸುತ್ತಿನ ಕೋಟೆ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿಯರ ಗುಡಿಗಳು, ಒಂದರ ಮೇಲೊಂದು ಹೇರಿಟ್ಟಂತಿರುವ ಹೆಬ್ಬಂಡೆಗಳು, ಇವೆಲ್ಲವೂ ಒಮ್ಮೆಗೇ ಮೌನವಾಗುತ್ತವೆ.

ಈ ಬೆಟ್ಟದ ಹೆಸರು ಕೇಳಿದೊಡನೆ ಯಾರಿಗಾದರೂ ನೆನಪಾಗುವುದು ಒನಕೆ ಹಿಡಿದ ಹೆಣ್ಣುಮಗಳು, ಇಲ್ಲವೆ ಕತ್ತಿ ಹಿಡಿದ ಮದಕರಿ ನಾಯಕ. ಆದರೆ ಇದೇ ಬೆಟ್ಟಕ್ಕೆ ಸೇರಿದ ಮೂರನೆಯ ಕಥೆಯೊಂದಿದೆ. ಅದರ ನಾಯಕನ ಕೈಯಲ್ಲಿ ಆಯುಧವಿಲ್ಲ. ಕಡೆಯಲ್ಲಿ ಅವನು ಆಯುಧವೆತ್ತಿದರೂ ಅದು ಶತ್ರುವಿನ ಮೇಲಲ್ಲ, ತನ್ನ ಮೇಲೆ. ಅವನು ಭೈರವಿ ವೆಂಕಟಸುಬ್ಬಯ್ಯ. ನಾಯಕರ ದುರ್ಗದ ಸಂಗೀತಗಾರ. ರಾಜ್ಯ ಹೋಯಿತು, ದೊರೆ ಹೋದ, ಹೊಸ ಪ್ರಭುತ್ವ ಬಂತು. ಹೊಸ ಪ್ರಭು ತನ್ನೆದುರು ಹಾಡೆಂದು ಆಜ್ಞೆ ಮಾಡಿದಾಗ, ಆಜ್ಞೆಗೆ ಮಣಿದು ಹಾಡಲೊಲ್ಲದೆ ಆತ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ.

ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಅಂದರೆ ಕನ್ನಡಿಗರ ಮನೆಮನೆಯ ತ.ರಾ.ಸು. ಅವರು, ಈ ಕಥೆಯನ್ನು 1952ರಲ್ಲಿ ‘ಹಂಸಗೀತೆ’ ಎಂಬ ಕಾದಂಬರಿಯಾಗಿ ಬರೆದರು. ನಾಲ್ಕು ವರ್ಷಗಳಲ್ಲಿ ಅದು ಮುಂಬಯಿಗೆ ಹೋಗಿ ಹಿಂದೀ ಚಿತ್ರವಾಯಿತು. ಇಪ್ಪತ್ತಮೂರು ವರ್ಷಗಳ ಮೇಲೆ ತನ್ನ ಊರಿಗೆ, ತನ್ನ ಭಾಷೆಗೆ ಮರಳಿ ಕನ್ನಡ ಚಿತ್ರವಾಯಿತು. ಒಂದೇ ಹಾಡುಗಾರನ ಕಥೆ ಎರಡು ಬಾರಿ ಬೆಳ್ಳಿತೆರೆಯನ್ನೇರಿದ ಈ ವೃತ್ತಾಂತ ಕಾದಂಬರಿಯಷ್ಟೇ ರೋಚಕವಾದುದು.

ಸದ್ದಿಲ್ಲದ ತೆರೆಯ ಮೇಲೆ ಸಂಗೀತ

ಸಂಗೀತವನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ಕೇಳುವ ವಸ್ತುವನ್ನು ನೋಡುವ ವಸ್ತುವಾಗಿ ಮಾಡುವುದೆಂತು? ಇಂದಿನ ಪ್ರೇಕ್ಷಕನಿಗೆ ಇದು ಪ್ರಶ್ನೆಯೆಂದೇ ತೋರದು. ನಟ ಬಾಯಿ ತೆರೆದರೆ ಸಾಕು, ಹಿನ್ನೆಲೆಯಿಂದ ಹಾಡು ಹರಿದು ಬರುತ್ತದೆ. ಆದರೆ ಚಲಚ್ಚಿತ್ರದ ಮೊದಲ ಮೂವತ್ತು ಚಿಲ್ಲರೆ ವರ್ಷಗಳು ಮೂಕವಾಗಿಯೇ ಕಳೆದುವೆಂಬುದನ್ನು ಮರೆಯಬಾರದು. ಆ ಮೂಕಯುಗದಲ್ಲಿಯೂ ಸಂಗೀತವನ್ನೇ ಉಸಿರಾಗಿಸಿಕೊಂಡ ಚಿತ್ರಗಳು ಬಂದುವು. ಅವುಗಳಲ್ಲಿ ಬಹಳ ಮನೋಹರವಾದುದು ಜರ್ಮನಿಯ ಊಫಾ ಸಂಸ್ಥೆ 1925ರಲ್ಲಿ ಹೊರತಂದ ‘ಐನ್ ವಾಲ್ಟ್ಸರ್‌ಟ್ರೌಮ್’. ಕನ್ನಡದಲ್ಲಿ ‘ಒಂದು ವಾಲ್ಟ್ಸ್ ನೃತ್ಯದ ಕನಸು’ ಎನ್ನಬಹುದು.

ನಿರ್ದೇಶಕ ಲುಡ್ವಿಗ್ ಬರ್ಗರ್. ಅದಕ್ಕೆ ಆಧಾರ ಆಸ್ಕರ್ ಸ್ಟ್ರೌಸ್ 1907ರಲ್ಲಿ ವಿಯೆನ್ನಾ ನಗರದ ರಂಗಭೂಮಿಗಾಗಿ ರಚಿಸಿದ ಗೀತನಾಟಕ. (ಈ ಸ್ಟ್ರೌಸ್ ಬೇರೆ, ‘ನೀಲಿ ಡ್ಯಾನ್ಯೂಬ್’ ಖ್ಯಾತಿಯ ಯೋಹಾನ್ ಸ್ಟ್ರೌಸ್ ಬೇರೆ, ಇಬ್ಬರೂ ವಿಯೆನ್ನಾದವರೇ ಆದುದರಿಂದ ಗೊಂದಲವಾಗುವುದು ಸಹಜ.) ಕಥೆ ಸರಳವಾದುದು. ಸಣ್ಣ ಜರ್ಮನ್ ಸಂಸ್ಥಾನವೊಂದರ ರಾಜಕುಮಾರಿಗೂ ವಿಯೆನ್ನಾದ ಲವಲವಿಕೆಯ ಸೇನಾಧಿಕಾರಿಗೂ ಮದುವೆಯಾಗುತ್ತದೆ. ಗಂಡನಿಗೆ ಆ ಬಿಗುಮಾನದ ಅರಮನೆ ಸೆರೆಮನೆಯಂತೆ. ಅವನ ಕಿವಿಯಲ್ಲಿ ಸದಾ ವಿಯೆನ್ನಾದ ವಾಲ್ಟ್ಸ್ ಸಂಗೀತ. ಮದುವೆಯ ರಾತ್ರಿಯೇ ಅರಮನೆಯಿಂದ ತಪ್ಪಿಸಿಕೊಂಡು, ಹೆಂಗಸರ ವಾದ್ಯತಂಡವೊಂದು ನುಡಿಸುತ್ತಿದ್ದ ಉದ್ಯಾನಕ್ಕೆ ಹೋಗುತ್ತಾನೆ. ತಂಡದ ನಾಯಕಿ ಫ್ರಾನ್ಸಿ ವಿಯೆನ್ನಾದವಳು. ಊರಿನ ಸಂಗೀತ ಊರಿನ ಹೆಣ್ಣಿನ ಮೇಲಣ ಪ್ರೇಮವಾಗಿ ಬೆಳೆಯುತ್ತದೆ. ಇತ್ತ ರಾಜಕುಮಾರಿ ಗಂಡನ ಮನಸ್ಸನ್ನು ಗೆಲ್ಲಲು ವಿಯೆನ್ನಾದ ಸಂಗೀತವನ್ನು ಕಲಿಯಬಯಸುತ್ತಾಳೆ. ಕಲಿಸಲು ಬರುವವಳು ಅದೇ ಫ್ರಾನ್ಸಿ! ತಾನು ಯಾರ ಹೆಂಡತಿಗೆ ಪಾಠ ಹೇಳುತ್ತಿದ್ದೇನೆಂದು ಅವಳಿಗೆ ತಿಳಿಯುವ ಹೊತ್ತಿಗೆ ಶಿಷ್ಯೆ ಪಾಠವನ್ನು ಚೆನ್ನಾಗಿಯೇ ಕಲಿತಿರುತ್ತಾಳೆ. ದಂಪತಿಗಳು ಒಂದಾಗುತ್ತಾರೆ, ಸಂಗೀತ ಕಲಿಸಿದವಳು ಒಡೆದ ಹೃದಯದೊಡನೆ ಹಿಂದೆ ಸರಿಯುತ್ತಾಳೆ. ರಾಜಕುಮಾರಿಯಾಗಿ ಮಾಡಿ ಕ್ರಿಶ್ಚನ್ಸ್, ಅಧಿಕಾರಿಯಾಗಿ ವಿಲ್ಲಿ ಫ್ರಿಟ್ಶ್, ಫ್ರಾನ್ಸಿಯಾಗಿ ಕ್ಸೇನಿಯಾ ಡೆಸ್ನಿ ಅಭಿನಯಿಸಿದರು. ವಾಕ್ಚಿತ್ರ ಬಂದ ಮೇಲೆ, 1931ರಲ್ಲಿ, ಹಾಲಿವುಡ್ಡಿನಲ್ಲಿ ಅರ್ನ್‌ಸ್ಟ್ ಲುಬಿಚ್ ಇದೇ ಕಥೆಯನ್ನು ‘ದಿ ಸ್ಮೈಲಿಂಗ್ ಲೆಫ್ಟಿನೆಂಟ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಗೆ ತಂದರು.

ಆ ಚಿತ್ರ ತೆರೆ ಕಂಡಾಗ ಅದರ ವಿಯೆನ್ನಾ ಎಲ್ಲಿತ್ತು? 1918ರಲ್ಲಿ ಮಹಾಯುದ್ಧ ಮುಗಿದಾಗ ಆಸ್ಟ್ರಿಯದ ಸಾಮ್ರಾಜ್ಯ ಚೂರುಚೂರಾಗಿತ್ತು. ಚಕ್ರವರ್ತಿಯಿಲ್ಲ, ಆಸ್ಥಾನವಿಲ್ಲ, ಬಣ್ಣದ ಸಮವಸ್ತ್ರ ತೊಟ್ಟು ಕುಣಿಯುವ ಸೇನಾಧಿಕಾರಿಗಳಿಲ್ಲ. ಪ್ರೇಕ್ಷಕರು ನೋಡಲು ಹೋದುದು ತಮ್ಮ ಕಣ್ಣೆದುರಿಗೇ ಕಳೆದುಹೋದ ಊರನ್ನು. ತೆರೆಯ ಮೇಲೆ ಬೆರಳುಗಳು ಪಿಟೀಲಿನ ತಂತಿಯ ಮೇಲೆ ಓಡುತ್ತಿದ್ದುವು. ಸದ್ದು ಬರುತ್ತಿದ್ದುದು ತೆರೆಯ ಕೆಳಗೆ ಕುಳಿತ ವಾದ್ಯಗಾರರಿಂದ. ದೊಡ್ಡ ನಗರಗಳಲ್ಲಿ ಪೂರ್ಣ ವಾದ್ಯಗೋಷ್ಠಿ, ಸಣ್ಣ ಊರುಗಳಲ್ಲಿ ಒಂದೇ ಪಿಯಾನೋ. ಉಳಿದುದನ್ನು ಪ್ರೇಕ್ಷಕನ ನೆನಪೇ ತುಂಬಿಕೊಳ್ಳುತ್ತಿತ್ತು.

ನಮ್ಮಲ್ಲಿಯೂ ಹಾಗೆಯೇ. ಟೆಂಟಿನಲ್ಲಿ ಮೂಕಚಿತ್ರ ನಡೆಯುವಾಗ ತೆರೆಯ ಬದಿಗೆ ಹಾರ್ಮೋನಿಯಂ ಮತ್ತು ತಬಲದವರು ಕುಳಿತಿರುತ್ತಿದ್ದರು. ಜರ್ಮನಿಯ ಊಫಾದಲ್ಲಿ ಕಲಿತು ಬಂದ ಮೋಹನ್ ಭವನಾನಿ 1930ರ ಸುಮಾರಿನಲ್ಲಿ ಮೈಸೂರು ಸೀಮೆಯಲ್ಲಿ ‘ವಸಂತಸೇನಾ’ ಎಂಬ ಮೂಕಚಿತ್ರವನ್ನು ತಯಾರಿಸಿದರು. ಶೂದ್ರಕನ ‘ಮೃಚ್ಛಕಟಿಕ’ವೇ ಅದರ ಕಥೆ. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿದ್ದರು. ಶಕಾರನಾಗಿ ನಮ್ಮ ಟಿ.ಪಿ. ಕೈಲಾಸಂ! ಮಾತಿನ ಮಲ್ಲ ಕೈಲಾಸಂ ಅವರಿಗೆ ಸಿಕ್ಕಿದುದು ಮಾತಿಲ್ಲದ ಚಿತ್ರವೆಂಬುದು ವಿಧಿಯ ವಿನೋದವೆನ್ನಬೇಕು. ಮೃಚ್ಛಕಟಿಕದ ಮೂರನೆಯ ಅಂಕ ತೆರೆಯುವುದೇ ಸಂಗೀತದ ನೆನಪಿನಿಂದ. ರೇಭಿಲನ ಹಾಡುಗಾರಿಕೆಯನ್ನು ಕೇಳಿ ನಡುರಾತ್ರಿ ಮನೆಗೆ ಮರಳುವ ಚಾರುದತ್ತನಿಗೆ ಕಛೇರಿ ಮುಗಿದರೂ ಕಿವಿಯಲ್ಲಿ ಸ್ವರ ನಿಂತಿಲ್ಲ. ಜೊತೆಗಿರುವ ಮೈತ್ರೇಯನಿಗೋ ನಿದ್ದೆಯದೇ ಚಿಂತೆ. ಸಂಗೀತವನ್ನು ಕೇಳಿಸದೆಯೇ ಅದರ ಪರಿಣಾಮವನ್ನು ತೋರಿಸುವ ವಿದ್ಯೆ ನಮ್ಮ ಹಳೆಯ ನಾಟಕಕಾರರಿಗೆ ಚೆನ್ನಾಗಿಯೇ ತಿಳಿದಿತ್ತು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಚಿತ್ರಗಳಲ್ಲಿ ಇಂದು ಉಳಿದಿರುವುವು ಬೆರಳೆಣಿಕೆಯಷ್ಟು. 1934ರಲ್ಲಿ ‘ಸತಿ ಸುಲೋಚನಾ’ ಬಂದು ಕನ್ನಡ ಚಿತ್ರ ಬಾಯಿ ಬಿಟ್ಟ ಮೇಲೆ ಮೂಕಚಿತ್ರಗಳನ್ನು ಕೇಳುವವರೇ ಇಲ್ಲವಾದರು.

ವಿಯೆನ್ನಾದ ಅಧಿಕಾರಿಯ ಕಥೆಯನ್ನೂ ದುರ್ಗದ ವೆಂಕಟಸುಬ್ಬಯ್ಯನ ಕಥೆಯನ್ನೂ ಪಕ್ಕಪಕ್ಕದಲ್ಲಿಡುವುದು ಕೆಲವರಿಗೆ ಅತಿಯೆನಿಸಬಹುದು. ಒಂದು ಕಣ್ಣಂಚಿನಲ್ಲಿ ನೀರು ತರಿಸುವ ವಿನೋದ, ಇನ್ನೊಂದು ರಕ್ತ ಸುರಿಯುವ ದುರಂತ. ಆದರೂ ಎರಡರಲ್ಲಿಯೂ ಬಿದ್ದುಹೋದ ಒಂದು ಆಸ್ಥಾನವಿದೆ, ಆ ಆಸ್ಥಾನದೊಡನೆ ಹೋಗದೆ ಉಳಿದ ಒಂದು ಸಂಗೀತವಿದೆ, ನಡುವೆ ನಲುಗುವ ಒಲುಮೆಯಿದೆ. ಜರ್ಮನ್ ಚಿತ್ರದಲ್ಲಿ ಯಂತ್ರಕ್ಕೆ ನಾಲಗೆಯಿರಲಿಲ್ಲ. ಕನ್ನಡದ ಕಥೆಯಲ್ಲಿ ಗಾಯಕನೇ ನಾಲಗೆಯನ್ನು ತೊರೆದ.

ರಾಗವೇ ಮನೆತನದ ಹೆಸರಾದಾಗ

ವೆಂಕಟಸುಬ್ಬಯ್ಯನ ಹೆಸರಿನ ಹಿಂದಿರುವ ‘ಭೈರವಿ’ ಊರ ಹೆಸರಲ್ಲ, ರಾಗದ ಹೆಸರು. ದಕ್ಷಿಣದ ಸಂಗೀತಲೋಕದಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲ. ತೋಡಿ ಸೀತಾರಾಮಯ್ಯ, ಶಂಕರಾಭರಣಂ ನರಸಯ್ಯ, ನಮ್ಮವರೇ ಆದ ಭೈರವಿ ಕೆಂಪೇಗೌಡ ಹೀಗೆ ಒಂದೊಂದು ರಾಗವನ್ನು ತಮ್ಮದಾಗಿಸಿಕೊಂಡವರ ಪರಂಪರೆಯೇ ಇದೆ. ತೋಡಿ ಸೀತಾರಾಮಯ್ಯನಂತೂ ಹಣದ ಮುಗ್ಗಟ್ಟಿನಲ್ಲಿ ತೋಡಿ ರಾಗವನ್ನೇ ಸಾಹುಕಾರನ ಬಳಿ ಅಡವಿಟ್ಟನಂತೆ! ಸಾಲ ತೀರುವ ತನಕ ಆ ರಾಗವನ್ನು ಹಾಡುವಂತಿಲ್ಲ. ಹಾಡಿಲ್ಲದೆ ಆಸ್ಥಾನ ಸಪ್ಪಗಾದಾಗ ದೊರೆಯೇ ಸಾಲ ತೀರಿಸಿ ರಾಗವನ್ನು ಬಿಡಿಸಿದನೆಂದು ಕಥೆ. ನಿಜವೋ ಕಟ್ಟುಕಥೆಯೋ, ರಾಗವೆಂದರೆ ಒಬ್ಬನ ಸ್ವತ್ತು, ಅವನ ಮಾನ, ಎಂಬ ಭಾವನೆ ಇದರಿಂದ ಸ್ಪಷ್ಟವಾಗುತ್ತದೆ.

ಭೈರವಿ ಸುಲಭವಾಗಿ ಕೈಗೆ ಸಿಕ್ಕುವ ರಾಗವಲ್ಲ. ಆರೋಹಣದಲ್ಲಿ ಒಂದು ಧೈವತ, ಅವರೋಹಣದಲ್ಲಿ ಇನ್ನೊಂದು ಧೈವತ; ಏರುವಾಗ ಕಂಡ ಮುಖ ಇಳಿಯುವಾಗ ಬೇರೆಯಾಗಿ ಕಾಣುತ್ತದೆ. ಉತ್ತರಾದಿಯವರು ಕಛೇರಿಯ ಕಡೆಯಲ್ಲಿ ಹಾಡುವ ಭೈರವಿಗೂ ಇದಕ್ಕೂ ಹೆಸರೊಂದೇ ಸಮಾನ. ಪಚ್ಚಿಮಿರಿಯಂ ಆದಿಯಪ್ಪಯ್ಯನವರು 18ನೆಯ ಶತಮಾನದಲ್ಲಿ ಈ ರಾಗದಲ್ಲಿ ರಚಿಸಿದ ಅಟತಾಳದ ವರ್ಣವನ್ನು ಇಂದಿಗೂ ಕಲಿಯದ ವಿದ್ಯಾರ್ಥಿಯಿಲ್ಲ.

ಇಲ್ಲಿ ಕಾಲವನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಸ್ವಾರಸ್ಯಕರ. 1779ರಲ್ಲಿ ಹೈದರಾಲಿಯ ಸೈನ್ಯ ದುರ್ಗವನ್ನು ಹಿಡಿಯಿತು. 1754ರಿಂದ ಆಳುತ್ತಿದ್ದ ಕಡೆಯ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ, ಹೋದವನು ಮರಳಲಿಲ್ಲ. ಆ ವರ್ಷ ತಂಜಾವೂರು ಸೀಮೆಯಲ್ಲಿ ಶ್ಯಾಮಾಶಾಸ್ತ್ರಿಗಳಿಗೆ ವಯಸ್ಸು ಹದಿನೇಳು, ತ್ಯಾಗರಾಜರಿಗೆ ಹನ್ನೆರಡು, ಮುತ್ತುಸ್ವಾಮಿ ದೀಕ್ಷಿತರು ನಾಲ್ಕು ವರ್ಷದ ಮಗು. ಇಂದು ನಮ್ಮ ಕಛೇರಿಗಳನ್ನು ತುಂಬಿರುವ ತ್ರಿಮೂರ್ತಿಗಳ ಕೃತಿಗಳೊಂದೂ ಇನ್ನೂ ದುರ್ಗಕ್ಕೆ ಬಂದಿರುವ ಸಂಭವವಿಲ್ಲ. ನಾಯಕರ ಕಾಲದ ಗಾಯಕನೊಬ್ಬನಿಗೆ ದೊರಕುತ್ತಿದ್ದುದು ದಾಸರ ಪದಗಳು, ಗೀತ ಪ್ರಬಂಧಗಳು, ಜಯದೇವನ ಅಷ್ಟಪದಿಗಳು, ಮತ್ತು ಎಲ್ಲಕ್ಕೂ ಮಿಗಿಲಾಗಿ ರಾಗಾಲಾಪನೆ. ಸಾಹಿತ್ಯದ ಹಂಗಿಲ್ಲದ ಆಲಾಪನೆಯೇ ಅಂದಿನ ವಿದ್ವಾಂಸನ ನಿಜವಾದ ಪರೀಕ್ಷೆ. ಗಂಟೆಗಟ್ಟಲೆ ಒಂದೇ ರಾಗವನ್ನು ಬೆಳೆಸಿ ನಿಲ್ಲಿಸಬಲ್ಲವನಿಗೆ ಮಾತ್ರ ಆ ರಾಗದ ಹೆಸರು ಸಲ್ಲುತ್ತಿತ್ತು.

ಹೈದರ 1782ರಲ್ಲಿ ತೀರಿಕೊಂಡ ಮೇಲೆ ದುರ್ಗ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂತು. ಕಾದಂಬರಿಯಲ್ಲಿ ವೆಂಕಟಸುಬ್ಬಯ್ಯನಿಗೆ ಹಾಡೆಂದು ಆಜ್ಞೆ ಮಾಡುವವನು ಟಿಪ್ಪುವೇ. ಇದನ್ನು ಓದಿ ಟಿಪ್ಪುವನ್ನು ಸಂಗೀತದ್ವೇಷಿಯೆಂದು ತಿಳಿಯುವುದು ತಪ್ಪಾದೀತು. ಕಥೆಯಲ್ಲಿ ಸುಲ್ತಾನ ಕೇಳುವುದು ಹಾಡನ್ನು, ಪ್ರಾಣವನ್ನಲ್ಲ. ದ್ವೇಷಿಸುವವನು ಹಾಡೆನ್ನುವುದಿಲ್ಲ, ಬಾಯಿ ಮುಚ್ಚೆನ್ನುತ್ತಾನೆ. ಮೆಚ್ಚಿಕೊಂಡವನ ಅಪ್ಪಣೆಯನ್ನು ತಳ್ಳಿಹಾಕುವುದೇ ಹೆಚ್ಚು ಕಷ್ಟ. ಹಾಡಿದ್ದರೆ ಶಾಲು, ಸುವರ್ಣ, ಜಹಗೀರು ದೊರೆಯಬಹುದಿತ್ತು. ಹೆಂಡಿರು ಮಕ್ಕಳು ನೆಮ್ಮದಿಯಾಗಿರಬಹುದಿತ್ತು. ಎಷ್ಟೋ ಆಸ್ಥಾನಗಳ ಎಷ್ಟೋ ವಿದ್ವಾಂಸರು ಹಾಗೆಯೇ ಬಾಳಿದರು, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ವೆಂಕಟಸುಬ್ಬಯ್ಯನ ಮಟ್ಟಿಗೆ ಆ ಸ್ವರ ಅಪ್ಪಣೆಗೆ ಹೊರಡುವ ವಸ್ತುವಲ್ಲ. ಅಪ್ಪಣೆ ಪಾಲಿಸಬಲ್ಲ ಅಂಗವೇ ಇಲ್ಲದಿದ್ದರೆ ಅಪ್ಪಣೆ ಮಾಡುವವನಾದರೂ ಏನು ಮಾಡಿಯಾನು? ಇದು ಉತ್ತರವೋ, ಹುಚ್ಚೋ? ಪುಸ್ತಕವನ್ನು ಮುಚ್ಚಿಟ್ಟ ಮೇಲೂ ಮನೆಯಲ್ಲಿ ವಾದಕ್ಕೆ ಎಡೆಮಾಡಿಕೊಡುವ ಪ್ರಶ್ನೆಯಿದು. ಹಾಡನ್ನು ಉಳಿಸುವುದಕ್ಕಾಗಿ ಹಾಡನ್ನೇ ಕೊಂದನಲ್ಲ ಎಂದು ಮರುಗುವವರೂ ಉಂಟು.

ಕಾದಂಬರಿಯನ್ನು ಶಾಸನವೆಂದು ಓದಬಾರದೆಂಬುದೇನೋ ನಿಜ. ಆದರೆ ತ.ರಾ.ಸು. ಅವರ ದುರ್ಗ ಪುಸ್ತಕದಿಂದ ಕಲಿತ ದುರ್ಗವಲ್ಲ. ಅವರು 1920ರಲ್ಲಿ ಹುಟ್ಟಿದ್ದು ಮಲೇಬೆನ್ನೂರಿನಲ್ಲಿ; ಅದು ಅಂದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಅತ್ತ ಹೋಯಿತು. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಕನ್ನಡದ ಹಿರಿಯ ಪ್ರಾಧ್ಯಾಪಕರಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರು ಅವರ ದೊಡ್ಡಪ್ಪ. ಸ್ವಾತಂತ್ರ್ಯ ಹೋರಾಟಕ್ಕಿಳಿದು ಓದನ್ನು ಬಿಟ್ಟವರು, ಪತ್ರಿಕೆಗಳಲ್ಲಿ ದುಡಿದವರು, ಅ.ನ.ಕೃ. ಅವರೊಡನೆ ಪ್ರಗತಿಶೀಲರ ಸಾಲಿನಲ್ಲಿ ನಿಂತವರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂದು ದುರ್ಗದ ಅರಮನೆಯ ಒಳಸಂಚುಗಳನ್ನು ಒಂದರ ಹಿಂದೊಂದರಂತೆ ಹೇಳಿದ ಆ ಲೇಖನಿ ‘ಹಂಸಗೀತೆ’ಯಲ್ಲಿ ಮಾತ್ರ ಸಿಂಹಾಸನದತ್ತ ಬೆನ್ನು ತಿರುಗಿಸಿ ಹಾಡುಗಾರನ ಜಗಲಿಯ ಮೇಲೆ ಕುಳಿತಿತು. ಅರಸರ ಕಥೆಗಳಲ್ಲಿ ಕಾಣದ ಏಕಾಂತವೊಂದು ಇಲ್ಲಿದೆ.

ದೆಹಲಿಗೆ ಹೋದ ದುರ್ಗ

1952ರಲ್ಲಿಯೇ ಮುಂಬಯಿಯಲ್ಲಿ ‘ಬೈಜೂ ಬಾವ್ರಾ’ ಬಿಡುಗಡೆಯಾಗಿ, ಶಾಸ್ತ್ರೀಯ ಸಂಗೀತವನ್ನಿಟ್ಟುಕೊಂಡರೂ ಜನ ಮುಗಿಬಿದ್ದು ನೋಡುತ್ತಾರೆಂಬುದನ್ನು ತೋರಿಸಿಕೊಟ್ಟಿತು. ಸಂಗೀತಗಾರನ ಕಥೆಗಳಿಗೆ ಬೇಡಿಕೆ ಹುಟ್ಟಿತು. ಹಾಗೆ ಕನ್ನಡದ ‘ಹಂಸಗೀತೆ’ 1956ರಲ್ಲಿ ‘ಬಸಂತ್ ಬಹಾರ್’ ಆಯಿತು. ನಿರ್ದೇಶಕ ರಾಜಾ ನವಾಥೆ, ನಾಯಕ ‘ಬೈಜೂ’ ಆಗಿ ಹೆಸರಾಗಿದ್ದ ಭರತ್ ಭೂಷಣ್, ನಾಯಿಕೆ ನಿಮ್ಮಿ, ಸಂಗೀತ ಶಂಕರ್ ಜೈಕಿಷನ್ ಜೋಡಿಯದು. ಊರು, ಕಾಲ, ಹೆಸರು ಎಲ್ಲವೂ ಬದಲಾದುವು. ದುರ್ಗದ ಬಂಡೆಗಳ ಬದಲು ದೆಹಲಿಯ ಮೊಗಲ್ ಆಸ್ಥಾನ. ಪಾಳೆಯಗಾರರ ಬದಲು ರಂಗೀಲಾ ಎಂದು ಹೆಸರಾದ ಬಾದಶಹ ಮುಹಮ್ಮದ್ ಷಹ. ನಾಯಕ ಜ್ಯೋತಿಷಿಯೊಬ್ಬನ ಮಗ ಗೋಪಾಲ. ಮಗನ ಸಂಗೀತದ ಹುಚ್ಚು ಅಪ್ಪನಿಗೆ ಹಿಡಿಸದು. ಕರ್ನಾಟಕದ ಭೈರವಿ ಅಲ್ಲಿ ಹಿಂದೂಸ್ಥಾನಿಯ ಬಸಂತಿಗೆ ಎಡೆಗೊಟ್ಟಿತು.

ಈ ಚಿತ್ರದ ಧ್ವನಿಮುದ್ರಣದ ಕೋಣೆಯಲ್ಲಿ ನಡೆದುದು ಚಿತ್ರದ ಕಥೆಗಿಂತ ಸೊಗಸಾದುದು. ಆಸ್ಥಾನದಲ್ಲಿ ನಾಯಕನಿಗೂ ಪ್ರತಿಸ್ಪರ್ಧಿಗೂ ನಡೆಯುವ ಗಾನಸ್ಪರ್ಧೆಯಲ್ಲಿ ಪ್ರತಿಸ್ಪರ್ಧಿಯ ಪರವಾಗಿ ಹಾಡಲು ಕರೆಸಿದುದು ಭೀಮಸೇನ ಜೋಶಿಯವರನ್ನು. ಗದುಗಿನ ನೆಲದಿಂದ ಹೋಗಿ ಹಿಂದೂಸ್ಥಾನಿ ಸಂಗೀತದಲ್ಲಿ ಸಿಂಹನಾದ ಮಾಡುತ್ತಿದ್ದ ಅವರಿಗೆ ಆಗ ಮೂವತ್ತನಾಲ್ಕು ವರ್ಷ. ನಾಯಕನ ಪರವಾಗಿ ಹಾಡಬೇಕಾದವರು ಮನ್ನಾ ಡೇ. ಕಥೆಯ ಪ್ರಕಾರ ನಾಯಕ ಗೆಲ್ಲಲೇಬೇಕು, ಅಂದರೆ ಮನ್ನಾ ಡೇ ಭೀಮಸೇನರನ್ನು ಸೋಲಿಸಬೇಕು! ಸುದ್ದಿ ಕೇಳಿ ಮನ್ನಾ ಡೇ ಅವರ ಜಂಘಾಬಲವೇ ಉಡುಗಿತಂತೆ. ಧ್ವನಿಮುದ್ರಣ ಮುಗಿಯುವ ತನಕ ಮುಂಬಯಿ ಬಿಟ್ಟು ಎಲ್ಲಾದರೂ ಹೋಗಿಬಿಡೋಣವೆಂದು ಪತ್ನಿಯೊಡನೆ ಹೇಳಿದರಂತೆ. ಗೆಲ್ಲಬೇಕಾದವರು ನೀವಲ್ಲವೆ, ಓಡಿಹೋಗುವುದೇಕೆ ಎಂದು ಆಕೆ ಧೈರ್ಯ ತುಂಬಿದರು. ಕೆಲವು ದಿನ ಕಷ್ಟಪಟ್ಟು ಅಭ್ಯಾಸ ಮಾಡಿ ಹಾಡಿದರು. ಹಾಡು ಮುಗಿದ ಮೇಲೆ ಭೀಮಸೇನರೇ ಅವರನ್ನು ಮೆಚ್ಚಿ, ಶಾಸ್ತ್ರೀಯ ಸಂಗೀತವನ್ನು ಮುಂದುವರಿಸುವಂತೆ ಹೇಳಿದರೆಂದು ಮನ್ನಾ ಡೇ ಕಡೆಯವರೆಗೂ ನೆನೆಯುತ್ತಿದ್ದರು. ಕನ್ನಡದ ಕಥೆ ಹಿಂದಿಗೆ ಹೋಗಿ, ಅಲ್ಲಿ ಕನ್ನಡ ನಾಡಿನ ಗಾಯಕನೇ ಸೋಲಬೇಕಾಗಿ ಬಂದುದನ್ನು ಕಂಡು ಗದಗು ಧಾರವಾಡಗಳ ರಸಿಕರು ಹುಬ್ಬು ಗಂಟಿಕ್ಕಿದ್ದರೆ ಆಶ್ಚರ್ಯವಿಲ್ಲ. ಅದೇ ಚಿತ್ರದ ಮತ್ತೊಂದು ಹಾಡಿಗೆ ಪನ್ನಾಲಾಲ್ ಘೋಷರು ಕೊಳಲು ನುಡಿಸಿದರು. ಚಿತ್ರ ಹೇಗೇ ಇರಲಿ, ಅದರ ಹಾಡುಗಳು ಇಂದಿಗೂ ಬಾಡಿಲ್ಲ.

ಆದರೆ ‘ಬಸಂತ್ ಬಹಾರ್’ ನೋಡಿದವರಿಗೆ ದುರ್ಗ ಕಾಣಿಸುವುದಿಲ್ಲ. ದರ್ಬಾರಿನ ಕಂಬಗಳು, ಪರದೆಗಳು, ದೀಪದ ಗೊಂಚಲುಗಳ ನಡುವೆ ಒಂದು ಸಣ್ಣ ಪಾಳೆಯಪಟ್ಟಿನ ಒಣನೆಲದ ಹಟ ಕರಗಿಹೋಗಿದೆ. ಸೋತ ನಾಡಿನ ಗಾಯಕನೆಂಬುದೇ ವೆಂಕಟಸುಬ್ಬಯ್ಯನ ಕಥೆಯ ತಿರುಳು. ಅದನ್ನು ತೆಗೆದರೆ ಉಳಿಯುವುದು ಮತ್ತೊಂದು ಗಾನಸ್ಪರ್ಧೆ.

ಬರಿಗಾಲಿನ ನಿರ್ದೇಶಕ

ಕಥೆಯನ್ನು ಮನೆಗೆ ಕರೆತಂದವರು ಜಿ.ವಿ. ಅಯ್ಯರ್. ನಂಜನಗೂಡಿನಲ್ಲಿ 1917ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ಬಣ್ಣ ಹಚ್ಚಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ಪಾತ್ರ ಮಾಡಿ, ‘ರಣಧೀರ ಕಂಠೀರವ’ಕ್ಕೆ ಮಾತು ಹಾಡುಗಳನ್ನು ಬರೆದವರು ಅವರು. ಕಾಲಿಗೆ ಚಪ್ಪಲಿ ಹಾಕದೆ ನಡೆಯುತ್ತಿದ್ದ ಅವರನ್ನು ‘ಬರಿಗಾಲಿನ ನಿರ್ದೇಶಕ’ರೆಂದೇ ಚಿತ್ರರಂಗ ಗುರುತಿಸಿತು. ಕಂಪೆನಿ ನಾಟಕದ ಗರಡಿಯಿಂದ ಬಂದವರಾದರೂ ಹೊಸತಿಗೆ ಬಾಗಿಲು ಮುಚ್ಚಿದವರಲ್ಲ. 1971ರಲ್ಲಿ ‘ವಂಶವೃಕ್ಷ’ದ ನಿರ್ಮಾಪಕರಾಗಿ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ ಕೈಗೆ ಕೆಲಸವನ್ನೊಪ್ಪಿಸಿದವರೂ ಅವರೇ.

‘ಸಂಸ್ಕಾರ’ (1970), ‘ವಂಶವೃಕ್ಷ’, ‘ಕಾಡು’ (1973), ‘ಚೋಮನ ದುಡಿ’ (1975) ಇವುಗಳಿಂದ ಕನ್ನಡ ಚಿತ್ರದ ಹೆಸರು ದೇಶದಲ್ಲೆಲ್ಲ ಹರಡಿದ ಕಾಲವದು. ಈ ಚಿತ್ರಗಳೆಲ್ಲ ಜಾತಿ, ಸಂಪ್ರದಾಯ, ಹಳ್ಳಿಯ ಕ್ರೌರ್ಯಗಳನ್ನು ಕೆಣಕಿದರೆ ಅಯ್ಯರ್ ಅವರು ಇನ್ನೂರು ವರ್ಷ ಹಿಂದಕ್ಕೆ ಹೋಗಿ ಒಂದು ರಾಗದ ಬೆನ್ನು ಹತ್ತಿದರು. 1975ರಲ್ಲಿ ಬಂದ ‘ಹಂಸಗೀತೆ’ಯಲ್ಲಿ ವೆಂಕಟಸುಬ್ಬಯ್ಯನಾದವರು ಇಪ್ಪತ್ತೇಳು ವರ್ಷದ ಅನಂತನಾಗ್, ಅವನ ಬಾಳಿನಲ್ಲಿ ಬರುವ ಹೆಣ್ಣಾಗಿ ರೇಖಾ ರಾವ್. ‘ಛಿನ್ನಮೂಲ್’ ಎಂಬ ಪ್ರಸಿದ್ಧ ಬಂಗಾಳಿ ಚಿತ್ರವನ್ನು ನಿರ್ದೇಶಿಸಿದ್ದ ನಿಮಾಯ್ ಘೋಷ್ ಛಾಯಾಗ್ರಹಣದ ಹೊಣೆ ಹೊತ್ತರು. ಸಂಗೀತ ಡಾಕ್ಟರ್ ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರದು.

ಇಲ್ಲೊಂದು ಹಳೆಯ ನಂಟನ್ನು ನೆನೆಯಬೇಕು. ಅ.ನ.ಕೃ. ಅವರ ಸಂಗೀತಪ್ರಧಾನ ಕಾದಂಬರಿ ‘ಸಂಧ್ಯಾರಾಗ’ 1966ರಲ್ಲಿ ರಾಜಕುಮಾರ್ ಅಭಿನಯದಲ್ಲಿ ಚಿತ್ರವಾದಾಗ ಭೀಮಸೇನ ಜೋಶಿಯವರೂ ಬಾಲಮುರಳಿಯವರೂ ಅದಕ್ಕೆ ಹಾಡಿದ್ದರು. ಸಂಗೀತಗಾರನ ಕಥೆ ಹೇಳಬೇಕಾದರೆ ನಿಜವಾದ ಸಂಗೀತಗಾರನನ್ನೇ ಕರೆಯಬೇಕೆಂಬ ಪಾಠವನ್ನು ಕನ್ನಡ ಚಿತ್ರರಂಗ ಆಗಲೇ ಕಲಿತಿತ್ತು.

ಅನಂತನಾಗ್ ಗಾಯಕರಲ್ಲ. ಹಾಡುವವನ ಕುತ್ತಿಗೆಯ ನರ, ತಾಳ ಹಾಕುವ ಕೈ, ಸ್ವರ ಸಿಕ್ಕದಾಗ ಗಂಟಾಗುವ ಹುಬ್ಬು, ಸಿಕ್ಕಿದಾಗ ಮುಚ್ಚಿಕೊಳ್ಳುವ ಕಣ್ಣು, ಇವುಗಳಲ್ಲಿ ಅವರು ಪಾತ್ರವನ್ನು ಕಟ್ಟಬೇಕಾಯಿತು. ಮ್ಯೂನಿಚ್, ಬರ್ಲಿನ್ನುಗಳ ಮೂಕನಟರು ಪಿಟೀಲು ಹಿಡಿದು ಮಾಡುತ್ತಿದ್ದುದೂ ಇದೇ ವಿದ್ಯೆಯಲ್ಲವೆ? ಧ್ವನಿ ಬೇರೆಯವರದು, ಶ್ರುತಿ ಸೇರಿಸುವ ದೇಹ ಮಾತ್ರ ನಟನದು. ಮುಖದಲ್ಲಿ ಎಳೆತನದ ಅಹಂಕಾರ ಹೊಳೆಯುವ ತನಕ ಅವರ ಅಭಿನಯ ಸಹಜವಾಗಿದೆ. ವಯಸ್ಸೇರಿದ ಭಾಗದಲ್ಲಿ ಅಷ್ಟು ನಂಬಿಕೆ ಹುಟ್ಟುವುದಿಲ್ಲ. ಚಿತ್ರದ ನಡಿಗೆಯೂ ನಿಧಾನ. ಎರಡೂವರೆ ಗಂಟೆಯ ಚಿತ್ರದಲ್ಲಿ ಕಥೆಯ ಓಟಕ್ಕಿಂತ ಆಲಾಪನೆಗೇ ಹೆಚ್ಚಿನ ಅವಕಾಶ. ವಾರವಾರ ಹೊಡೆದಾಟದ ಚಿತ್ರ ನೋಡಿ ಅಭ್ಯಾಸವಾದವರು ಕುರ್ಚಿಯಲ್ಲಿ ಮಿಸುಕಾಡಿದರೆ ಅವರನ್ನು ದೂರುವಂತಿಲ್ಲ. ಸಂಗೀತ ಬಲ್ಲವರು ಮಾತ್ರ ಹಾಗೆ ಮಿಸುಕಾಡಲಿಲ್ಲ.

ಆ ವರ್ಷದ ಕನ್ನಡ ಚಿತ್ರಗಳಿಗೆ ಮೀಸಲಾದ ರಾಷ್ಟ್ರಪ್ರಶಸ್ತಿ ‘ಹಂಸಗೀತೆ’ಗೆ ದೊರಕಿತು. ಶ್ರೇಷ್ಠ ಹಿನ್ನೆಲೆ ಗಾಯಕನೆಂಬ ಪ್ರಶಸ್ತಿಯೂ ಇದೇ ಚಿತ್ರದ ಹಾಡುಗಾರಿಕೆಗಾಗಿ ಬಾಲಮುರಳಿಕೃಷ್ಣರ ಪಾಲಾಯಿತು. ನಾಲಗೆ ಕತ್ತರಿಸಿಕೊಂಡು ಮೂಕನಾದವನಿಗೆ ಕಂಠ ಕೊಟ್ಟವರು ದೇಶದ ಶ್ರೇಷ್ಠ ಗಾಯಕರೆನಿಸಿದರು!

ಅದಕ್ಕೆ ಮೂರು ವರ್ಷ ಮೊದಲು, 1972ರಲ್ಲಿ, ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರದೇ ಕಥೆಯನ್ನಿಟ್ಟುಕೊಂಡು ‘ನಾಗರಹಾವು’ ಮಾಡಿ ಚಿತ್ರದುರ್ಗದ ಕೋಟೆಯನ್ನು ಮನೆಮಾತಾಗಿಸಿದ್ದರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಸ್ಸು ಹಿಡಿದು ಬರುವ ಶಾಲೆಯ ಮಕ್ಕಳು ಇಂದಿಗೂ ಬೆಟ್ಟ ಹತ್ತುತ್ತ ಕೇಳುವುದು ರಾಮಾಚಾರಿ ನಿಂತಿದ್ದ ಬಂಡೆ ಯಾವುದೆಂದು. ಭೈರವಿ ವೆಂಕಟಸುಬ್ಬಯ್ಯ ಹಾಡುತ್ತಿದ್ದ ತಾಣ ಯಾವುದೆಂದು ಕೇಳುವವರು ಅಪರೂಪ. ಮಾಸದ ಬಣ್ಣದಲ್ಲಿ ಮೆರೆದ ಆ ಚಿತ್ರದೆದುರು ಈ ಚಿತ್ರ ತುಸು ಮರೆಗೆ ಸರಿಯಿತೆಂದರೆ ತಪ್ಪಾಗಲಾರದು. ಆದರೂ ಬಂಡೆಗಳ ನಡುವಣ ಮೌನವನ್ನು ಕೇಳಿಸುವಂತೆ ಮಾಡಿದುದು ‘ಹಂಸಗೀತೆ’ಯೇ.

ಅಯ್ಯರ್ ಅವರು ಮುಂದೆ 1983ರಲ್ಲಿ ‘ಆದಿ ಶಂಕರಾಚಾರ್ಯ’ವೆಂಬ ದೇಶದ ಮೊದಲ ಸಂಸ್ಕೃತ ಚಿತ್ರವನ್ನು ತೆಗೆದರು, 2003ರಲ್ಲಿ ತೀರಿಕೊಂಡರು. ಬಾಲಮುರಳಿಯವರ ಕಂಠ 2016ರಲ್ಲಿ ನಿಂತಿತು. ತ.ರಾ.ಸು. ಅವರು ಮಾತ್ರ ಕಡೆಗಾಲದಲ್ಲಿ ಮತ್ತೆ ಆ 1779ಕ್ಕೇ ಮರಳಿದರು. ಮದಕರಿ ನಾಯಕನ ಪತನವನ್ನು ಹೇಳುವ ‘ದುರ್ಗಾಸ್ತಮಾನ’ 1982ರಲ್ಲಿ ಹೊರಬಂತು. 1984ರ ಏಪ್ರಿಲ್ ತಿಂಗಳಲ್ಲಿ ಅವರು ಕಾಲವಾದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಅದರ ಮಾರನೆಯ ವರ್ಷ.